ಐವತ್ತು ಬಗೆ ಇದ್ದರೆ ಸಾಕೇ?

ದೃಶ್ಯ ಬದಲಾಗದ ಸಿಮ್ಯುಲೇಟರ್ ರೈಡನ್ನು ಎರಡನೇ ಸಲ ಯಾರೂ ಹತ್ತುವುದಿಲ್ಲ ಎಂದು ಕಳೆದ ಸಂಚಿಕೆಯ ಲೇಖನ ತೀರ್ಪು ಕೊಟ್ಟುಬಿಟ್ಟಿದೆ. ಅದಕ್ಕೆ ಲೇಖಕರು ಕೊಡುವ ಸಾಕ್ಷಿ ಡಿಸ್ನಿಲ್ಯಾಂಡಿನ ‘ಸ್ಟಾರ್ ಟೂರ್ಸ್’. 2011ರಲ್ಲಿ ಅಲ್ಲಿ ಚಿತ್ರದ ತುಣುಕುಗಳನ್ನು ಕಲೆಸಿ ಜೋಡಿಸುವ ಏರ್ಪಾಡು ಬಂತು, ಐವತ್ತಕ್ಕೂ ಹೆಚ್ಚು ಬಗೆಯ ಪಯಣ ಸಾಧ್ಯವಾಯಿತು, ನಿಜ. ಆದರೆ 1987ರಿಂದ 2010ರವರೆಗೆ ಓಡಿದ್ದು ಒಂದೇ ಕಥೆ! ಅಷ್ಟು ವರ್ಷ ಜನ ಸಾಲು ನಿಂತದ್ದು ಯಾತಕ್ಕೆ? ಲೇಖಕರು ಈ ಪ್ರಶ್ನೆಯ ಹತ್ತಿರವೂ ಸುಳಿದಿಲ್ಲ.

ಗುಟ್ಟಿರುವುದು ಅಲುಗಾಟದಲ್ಲಿ. ತೆರೆಯ ಮೇಲೆ ಬಾಹ್ಯಾಕಾಶ ನೌಕೆ ಜಿಗಿದಾಗ ನಾವು ಕೂತ ಕೋಣೆ ಮುಂದಕ್ಕೆ ಓಡುವುದಿಲ್ಲ, ಹಿಂದಕ್ಕೆ ವಾಲುತ್ತದೆ. ಬೆನ್ನನ್ನು ಸೀಟಿಗೆ ಒತ್ತುವುದು ನಮ್ಮದೇ ಭಾರ. ಹೊರಗೆ ನೋಡಲು ಕಿಟಕಿಯಿಲ್ಲ, ತೆರೆಯ ಮೇಲೆ ನಕ್ಷತ್ರಗಳು ಗೆರೆಗಳಾಗುತ್ತವೆ. ಮೆದುಳು ಆ ಒತ್ತಡವನ್ನು ವೇಗವೆಂದೇ ನಂಬಿಬಿಡುತ್ತದೆ. ಚಿತ್ರಕ್ಕೂ ವಾಲಿಕೆಗೂ ತಾಳ ತಪ್ಪಿದರೆ, ಐನೂರು ಕಥೆಯಿದ್ದರೂ ಹೊಟ್ಟೆ ತೊಳಸುವುದೊಂದೇ ಲಾಭ.

ಡಿಸ್ನಿಯದೇ ಇನ್ನೊಂದು ರೈಡ್, 2001ರ ‘ಸೋರಿನ್’ನಲ್ಲಂತೂ ಕಥೆಯೇ ಇಲ್ಲ. ಕಾಲು ಗಾಳಿಯಲ್ಲಿ ಇಳಿಬಿಟ್ಟು ಕೂತಿರುತ್ತೀರಿ, ಕೆಳಗೆ ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟ ಸರಿಯುತ್ತದೆ, ಮೂಗಿಗೆ ಕಿತ್ತಳೆ ಘಮ. 2016ರಲ್ಲಿ ಜಗತ್ತು ಸುತ್ತುವ ಹೊಸ ಚಿತ್ರ ಬಂತು. ಅದರಲ್ಲಿ ಅಂಚಿನ ಸೀಟಿನವರಿಗೆ ಐಫೆಲ್ ಗೋಪುರ ಸೊಟ್ಟಗೆ ಕಾಣುತ್ತದೆ! ಹಳೆಯ ಕ್ಯಾಲಿಫೋರ್ನಿಯಾ ಚಿತ್ರವನ್ನು ಆಮೇಲೂ ಆಗಾಗ ಮರಳಿ ತಂದರು.

ಬದಲಾವಣೆಯೇ ಬೇಕೆಂದರೆ ಲೇಖಕರು ಡಿಸ್ನಿಯ 2019ರ ರೈಡ್ ‘ಸ್ಮಗ್ಲರ್ಸ್ ರನ್’ ನೋಡಲಿ. ಅಲ್ಲಿ ನೌಕೆ ನಡೆಸುವ ಆರು ಜನರಿಗೂ ಒಂದೊಂದು ಕೆಲಸ. ಹಿಂದೆ ಕೂತ ಎಂಜಿನಿಯರುಗಳು ಪಕ್ಕದ ಗುಂಡಿಗಳನ್ನು ಹುಡುಕುತ್ತ ಅರ್ಧ ಚಿತ್ರ ಕಳೆದುಕೊಳ್ಳುತ್ತಾರೆ. ಅವರು ಮತ್ತೆ ಸಾಲಿಗೆ ಬರುವುದು ಪೈಲಟ್ ಸೀಟಿಗಾಗಿ.