ಗಂಟು ಹಾಕಿದ ಕವರು



ಕಳೆದ ಬೇಸಿಗೆಯಲ್ಲಿ ಒಂದು ಹಳ್ಳಿಯಿಂದ ಕರೆ ಬಂತು. ಎರಡನೇ ಸೂಲಿನ ಹಸು. ಮೇವು ಸರಿಯಾಗಿ ಮುಟ್ಟುತ್ತಿಲ್ಲ, ಮೆಲುಕು ನಿಂತಿದೆ, ಹೊಟ್ಟೆ ಉಬ್ಬುತ್ತದೆ, ಇಳಿಯುತ್ತದೆ. ಹೊತ್ತಿಗೆ ಏಳು ಲೀಟರ್ ಕೊಡುತ್ತಿದ್ದದ್ದು ಎರಡಕ್ಕೆ ಇಳಿದಿತ್ತು. ಜಂತುಹುಳುವಿನ ಔಷಧಿ, ಜೀರ್ಣದ ಪುಡಿ ಎಲ್ಲ ಆಗಿತ್ತು. ಕೊನೆಗೆ ಎಡ ಪಕ್ಕೆ ಕೊಯ್ದು ಕೈ ಹಾಕಿದರೆ ಬಂದದ್ದು ಒಂದು ಮಂಕರಿ ಪ್ಲಾಸ್ಟಿಕ್ ಕವರು, ಜೊತೆಗೆ ನೈಲಾನ್ ದಾರ ಮತ್ತು ಒಂದು ಮೊಳೆ. ಮನೆಯಾಕೆ ಮಂಕರಿಯ ಪಕ್ಕ ಕೂತು ಕೋಲಿನಿಂದ ಒಂದೊಂದೇ ಬಿಡಿಸಿ ನೋಡಿದರು. "ಇದು ನಾವು ಹಬ್ಬಕ್ಕೆ ಸೀರೆ ತಂದ ಕವರು ಮೇಡಂ" ಎಂದರು. ಆಮೇಲೆ ಮಾತಾಡಲಿಲ್ಲ.

ಹಸು ಉಳಿಯಿತು. ಆದರೆ ಔಷಧಿ ಕೊಟ್ಟ ದಿನಗಳ ಹಾಲನ್ನು ಡೇರಿಗೆ ಹಾಕುವಂತಿರಲಿಲ್ಲ. ಆ ಸಲದ ಬಟವಾಡೆಯಲ್ಲಿ ಆಕೆಯ ಕೈಗೆ ಬಂದದ್ದು ಬಹಳ ಕಡಿಮೆ. ಸಾಲದ ಕಂತು ಮಾತ್ರ ಕಾಯಲಿಲ್ಲ.

ದನ ಪ್ಲಾಸ್ಟಿಕ್ ತಿನ್ನುವುದು ಪೇಟೆಯಲ್ಲಿ, ನಮ್ಮಲ್ಲಿ ಹುಲ್ಲು-ಹಿಂಡಿ ಇದೆ ಎಂದು ನಾವು ಅಂದುಕೊಳ್ಳುತ್ತೇವೆ. ನನ್ನ ಅನುಭವ ಹಾಗಿಲ್ಲ. ಹಸುವಿಗೆ ಕವರು ಬೇಕಿಲ್ಲ, ಕವರಿನೊಳಗಿನ ಅನ್ನ, ಬಾಳೆಹಣ್ಣಿನ ಸಿಪ್ಪೆ ಬೇಕು. ಗಂಟು ಬಿಚ್ಚಲು ಅದಕ್ಕೆ ಕೈಯಿಲ್ಲ, ಆದ್ದರಿಂದ ಗಂಟಿನ ಸಮೇತ ನುಂಗುತ್ತದೆ. ಹೊಟ್ಟೆಯಲ್ಲಿ ಅದು ಕರಗುವುದಿಲ್ಲ, ಮುಂದಕ್ಕೂ ಹೋಗುವುದಿಲ್ಲ. ವರ್ಷಗಟ್ಟಲೆ ಸೇರಿ ಉಂಡೆಯಾಗಿ ಮೇವಿನ ಜಾಗ ಹಿಡಿಯುತ್ತದೆ. ಅದನ್ನು ಕರಗಿಸುವ ಮದ್ದು ನನ್ನ ಬ್ಯಾಗಿನಲ್ಲಿ ಇಲ್ಲ, ಇರುವುದು ಕತ್ತಿ ಮಾತ್ರ. ಮೊಳೆ, ತಂತಿ ಇನ್ನೂ ಕೆಟ್ಟದ್ದು. ಅವು ನಿಲ್ಲುವ ಹೊಟ್ಟೆಯ ಮುಂದೆಯೇ ಗುಂಡಿಗೆ ಇದೆ. ಚುಚ್ಚಿಕೊಂಡು ಅಲ್ಲಿಗೆ ಹೋದರೆ ನಾವೂ ಕೈಚೆಲ್ಲಬೇಕಾಗುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ: ಹೈನುಗಾರರ ಮನೆಯಲ್ಲಿ ಕಸ ವಿಂಗಡಿಸುವುದನ್ನು ಬರೀ ಸ್ವಚ್ಛತೆಯ ಮಾತು ಎನ್ನಬಾರದು. ಅದು ಹಸುವಿನ ಆರೋಗ್ಯದ ಕೆಲಸ, ಲಸಿಕೆ ಹಾಕಿಸಿದಷ್ಟೇ ಮುಖ್ಯ.

ಮೊದಲ ಅಭ್ಯಾಸ, ತಿನ್ನುವ ಯಾವುದನ್ನೂ ಕವರಿನಲ್ಲಿ ಕಟ್ಟಿ ಬಿಸಾಡಬೇಡಿ. ಅಡುಗೆಮನೆಯಲ್ಲಿ ಮುಸುರೆಗೆ ಒಂದು ಬಕೆಟ್, ಕವರಿಗೆ ಗೋಡೆಗೆ ನೇತುಹಾಕಿದ ಒಂದು ಚೀಲ ಇರಲಿ. ಪಶು ಆಹಾರದ ಖಾಲಿ ಚೀಲವೇ ಸಾಕು. ಹಾಲಿನ, ಎಣ್ಣೆಯ ಪ್ಯಾಕೆಟ್ ಕತ್ತರಿಸುವಾಗ ಮೂಲೆಯ ಚೂರು ಬೇರೆಯಾಗದಂತೆ ಕತ್ತರಿಸಿ. ಆ ಚೂರೇ ಕಸದೊಂದಿಗೆ ತಿಪ್ಪೆ ಸೇರುವುದು.

ಎರಡನೆಯದು ಕೊಟ್ಟಿಗೆಯದ್ದು. ಪಶು ಆಹಾರದ ಚೀಲ ಬಿಚ್ಚಿದ ದಾರ ಎಲ್ಲಿ ಹೋಗುತ್ತದೆ, ನೋಡಿದ್ದೀರಾ? ಬಹಳ ಮನೆಗಳಲ್ಲಿ ಗೋದಲಿಯ ಪಕ್ಕದಲ್ಲೇ ಬಿದ್ದಿರುತ್ತದೆ. ಯಂತ್ರದಲ್ಲಿ ಕಟ್ಟಿದ ಹುಲ್ಲಿನ ಪೆಂಡಿಯ ಪ್ಲಾಸ್ಟಿಕ್ ಹುರಿಯೂ ಹಾಗೆಯೇ. ಕತ್ತರಿಸಿದ ಕೂಡಲೇ ಗೋಡೆಯ ಮೊಳೆಗೆ ಸಿಕ್ಕಿಸಿ, ಬಳ್ಳಿ ಕಟ್ಟಲು ಬರುತ್ತದೆ.

ಮೂರನೆಯದು, ಉಳಿದ ಊಟ. ತರಕಾರಿ ಸಿಪ್ಪೆ, ಅಕ್ಕಿ ತೊಳೆದ ನೀರು ಹಸುವಿಗೆ ಸರಿ. ಮದುವೆ ಮನೆಯಲ್ಲಿ ಮಿಕ್ಕ ಅನ್ನ, ಪಾಯಸ ಹಾಳಾಗಬಾರದೆಂದು ಒಂದೇ ಸಲ ಸುರಿಯಬೇಡಿ. ಹೊಟ್ಟೆ ಹುಳಿಯೇರಿ ಒಂದೆರಡು ದಿನದಲ್ಲೇ ಹಸು ಸಾಯಬಹುದು. ಬೂಷ್ಟು ಹಿಡಿದ ಹಿಂಡಿ, ಜೋಳವನ್ನೂ ಕೊಡಬೇಡಿ, ಅದರ ವಿಷ ಹಾಲಿಗೂ ಇಳಿಯುತ್ತದೆ. ಇವೆಲ್ಲ ಗೊಬ್ಬರದ ಗುಂಡಿಗೆ ಹೋಗಲಿ, ಗುಂಡಿಗೆ ಬೇಲಿಯೂ ಇರಲಿ.

ನಾಲ್ಕನೆಯದು, ಕವರನ್ನು ಹಂಡೆ ಒಲೆಗೆ ಹಾಕಿ ಬೆಂಕಿ ಹೊತ್ತಿಸುವುದು ನಿಲ್ಲಲಿ. ಆ ಹೊಗೆ ಮೊದಲು ಕುಡಿಯುವವರು ನೀವು. ಕೂಡಿಟ್ಟ ಒಣಕಸ ಪಂಚಾಯಿತಿಯ ಗಾಡಿಗೆ ಕೊಡಿ. ಗಾಡಿ ಬಾರದಿದ್ದರೆ ಗ್ರಾಮಸಭೆಯಲ್ಲಿ ಎದ್ದು ಕೇಳಿ.

ನಮ್ಮ ತಪ್ಪನ್ನೂ ಹೇಳಬೇಕು. ಚುಚ್ಚಿದ ಸೂಜಿ, ಕೆಚ್ಚಲು ಬಾವಿನ ಟ್ಯೂಬು, ಔಷಧಿ ಬಾಟಲಿಗಳನ್ನು ನಾವು ಎಷ್ಟೋ ಸಲ ನಿಮ್ಮ ಅಂಗಳದಲ್ಲೇ ಬಿಟ್ಟು ಬರುತ್ತೇವೆ. ಇನ್ನು ಮುಂದೆ ನಾನು ಬಂದಾಗ "ಮೇಡಂ, ಇದನ್ನು ತಗೊಂಡು ಹೋಗಿ" ಎಂದು ಧಾರಾಳವಾಗಿ ಹೇಳಿ.

"ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಹಾಲು ಕರೆದು, ಸಗಣಿ ಬಾಚಿ, ಮಕ್ಕಳನ್ನು ಶಾಲೆಗೆ ಕಳಿಸುವವಳಿಗೆ ಕಸ ಆರಿಸುವ ಕೆಲಸವೂ ಬೇರೆಯಾ?" ಎಂದು ಸಂಘದ ಸಭೆಯೊಂದರಲ್ಲಿ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಅಂಗಡಿಯಿಂದ ಕವರು ತರುವವರು ಹೆಚ್ಚಾಗಿ ಮನೆಯ ಗಂಡಸರು ಮತ್ತು ಮಕ್ಕಳು. ತಂದವರೇ ಚೀಲಕ್ಕೆ ಹಾಕಲಿ. ಗಾಡಿಯ ಕೀ ಪಕ್ಕದಲ್ಲೇ ಒಂದು ಬಟ್ಟೆಚೀಲ ನೇತಾಡಲಿ.

ನಮ್ಮ ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಕೈಚೀಲ ನಿಷೇಧವಾಯಿತು. ಆದರೂ ಅರ್ಧ ಕೆಜಿ ಟೊಮೆಟೊಗೆ ಒಂದು ಕವರು ಈಗಲೂ ಸಿಗುತ್ತದೆ. ಕಾನೂನು ನಿಮ್ಮ ತಿಪ್ಪೆಯ ಹತ್ತಿರ ಕಾವಲು ನಿಲ್ಲುವುದಿಲ್ಲ. ಇಂದು ಸಂಜೆ ಹಾಲು ಹಾಕಿ ಬಂದ ಮೇಲೆ ಒಮ್ಮೆ ನಿಮ್ಮ ಹಿತ್ತಿಲು, ಗೋದಲಿ, ತಿಪ್ಪೆಯ ಸುತ್ತ ನಡೆದು ಬನ್ನಿ. ಕೈಗೆ ಸಿಕ್ಕ ಕವರು, ದಾರ ಎಷ್ಟೆಂದು ನೋಡಿ. ಅಷ್ಟು ನಿಮ್ಮ ಹಸುವಿನ ಹೊಟ್ಟೆಗೆ ಹೋಗಲಿಲ್ಲ ಎಂದು ತಿಳಿಯಿರಿ.