ಸ್ಕ್ಯಾನರ್ ಕೀಳುವುದು ಪರಿಹಾರವಲ್ಲ

2025ರ ಜುಲೈ ತಿಂಗಳಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯವರು ಯುಪಿಐ ಲೆಕ್ಕವನ್ನೇ ಹಿಡಿದು ಸಣ್ಣ ವರ್ತಕರಿಗೆ ನೋಟೀಸು ಕಳುಹಿಸಿದರು. ಬೆಂಗಳೂರಿನಲ್ಲಿ ಬೇಕರಿ, ಟೀ ಅಂಗಡಿಗಳವರು ಸ್ಕ್ಯಾನರ್ ಕಿತ್ತು ‘ನಗದು ಮಾತ್ರ’ ಎಂದು ಬರೆದು ಅಂಟಿಸಿದರು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗಂತೂ ನಾಲ್ಕು ವರ್ಷದ 1.63 ಕೋಟಿ ರೂಪಾಯಿ ವಹಿವಾಟಿಗೆ 29 ಲಕ್ಷ ತೆರಿಗೆ ಕೇಳಲಾಯಿತು. ಹಸಿ ತರಕಾರಿಗೆ ಜಿಎಸ್‌ಟಿ ಇಲ್ಲವೆಂಬುದು ಇಲಾಖೆಯವರಿಗೆ ತಿಳಿಯದ ಸಂಗತಿಯೆ? ಆ ತಿಂಗಳ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕರನ್ನು ಕರೆಸಿ, ಹಳೆಯ ಬಾಕಿ ಕೇಳುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದ ಮೇಲೆ 25ರ ಬಂದ್ ಕರೆ ಹಿಂದಕ್ಕೆ ಹೋಯಿತು.

ಭಯ ಮಾತ್ರ ಹೋಗಿಲ್ಲ. ಮಳವಳ್ಳಿಯ ಬೀಡಾ ಅಂಗಡಿಯವರೊಬ್ಬರು ನಮ್ಮನ್ನು ಕೇಳಿದರು: “ಮೇಷ್ಟ್ರೇ, ಇದ ಕಿತ್ತು ಬಿಸಾಕ್ಬುಡಾನಾ?” ಬೇಡವೆಂದೆವು. ಕಿತ್ತರೆ ಬ್ಯಾಂಕಿನಲ್ಲಿರುವ ಹಳೆಯ ಲೆಕ್ಕ ಅಳಿಯುವುದಿಲ್ಲ. ತೆರಿಗೆ ಬೀಳುವುದು ವಹಿವಾಟಿನ ಮೇಲೆ. ನಗದಾದರೂ ಒಂದೇ, ಫೋನಾದರೂ ಒಂದೇ. ಮೇಲಾಗಿ ಸಕ್ಕರೆ ಕಾರ್ಖಾನೆಯ ಪಾಳಿ ಬಿಟ್ಟು ಬರುವ ಕಾರ್ಮಿಕರ ಸಂಬಳ ಬ್ಯಾಂಕಿಗೆ ಬೀಳುತ್ತದೆ, ಜೇಬಿನಲ್ಲಿ ಚಿಲ್ಲರೆ ಇರುವುದಿಲ್ಲ. ಅವರನ್ನು ಹಿಂದಕ್ಕೆ ಕಳುಹಿಸಿದರೆ ನೇರ ದೊಡ್ಡ ಮಳಿಗೆಗೆ ಹೋಗುತ್ತಾರೆ.

ಈ ಚೌಕ ಹುಟ್ಟಿದ್ದು ಸಾಹುಕಾರರ ಗಲ್ಲಾಪೆಟ್ಟಿಗೆಗಾಗಿ ಅಲ್ಲ. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಸಂಸ್ಥೆಯ ಮಸಾಹಿರೊ ಹಾರಾ ಮತ್ತು ಸಂಗಡಿಗರು ಮೋಟಾರು ಬಿಡಿಭಾಗಗಳ ಲೆಕ್ಕಕ್ಕೆಂದು ಇದನ್ನು ಮಾಡಿದರು. ಒಂದೊಂದು ಪೆಟ್ಟಿಗೆಗೂ ಹಲವು ಬಾರ್‌ಕೋಡು ಓದಿಸಿ ಓದಿಸಿ ಕಾರ್ಮಿಕರು ದಣಿಯುತ್ತಿದ್ದರು. ಪೇಟೆಂಟು ತಮ್ಮದಾಗಿದ್ದರೂ ಸಂಸ್ಥೆಯವರು ಜಗತ್ತು ಬಳಸಲೆಂದು ಬಿಟ್ಟುಕೊಟ್ಟರು. ಹೀಗಿರುವಾಗ ಕೋಡು ಮಾಡಿಕೊಡುತ್ತೇವೆಂದು ವರ್ಷದ ಚಂದಾ ಕೇಳುವ ಏಜೆಂಟರಿಗೆ ನಾವೇಕೆ ದುಡ್ಡು ಕೊಡಬೇಕು?

ನಿಮ್ಮ ಬ್ಯಾಂಕಿನ ಆ್ಯಪ್ಪಿನಲ್ಲೇ ಕೋಡು ಪುಕ್ಕಟೆ ಸಿಗುತ್ತದೆ. ಅದರೊಳಗಿರುವುದು ನಿಮ್ಮ ಯುಪಿಐ ವಿಳಾಸ ಮತ್ತು ಹೆಸರು, ಅಷ್ಟೇ. ಬೇಕಾದರೆ ಮೊತ್ತವನ್ನೂ ಸೇರಿಸಬಹುದು. ಮದ್ದೂರಿನ ವಡೆ ಅಂಗಡಿಗೆ ಇದು ಸರಿಹೋದೀತು, ದಿನಕ್ಕೊಂದು ದರವಿರುವ ಎಳನೀರಿಗೆ ಆಗದು. ನಡುವೆ ಅಂಗಡಿಯ ಗುರುತು ಹಾಕಿಸುವುದಾದರೆ ಚಿಕ್ಕದಿರಲಿ. ಗಟ್ಟಿ ಮಟ್ಟದ ತಿದ್ದುಪಡಿಯಿಟ್ಟು ಮಾಡಿದ ಕೋಡು ಸುಮಾರು 30 ಪಾಲು ಕೆಟ್ಟರೂ ಓದಿಸಿಕೊಳ್ಳುತ್ತದೆ, ಆದರೆ ಹೊಗೆ, ಎಣ್ಣೆ ಜಿಡ್ಡಿಗೂ ಒಂದಿಷ್ಟು ಉಳಿಸಬೇಕಲ್ಲ! ಬಿಳಿಯ ಮೇಲೆ ಕಪ್ಪು, ಸುತ್ತ ಖಾಲಿ ಅಂಚು. ಎರಡು ಮೂರು ಫೋನಿನಲ್ಲಿ ಓದಿಸಿ ನೋಡಿದ ಮೇಲೆ ಅಂಟಿಸಿರಿ. ಬೆಲೆಪಟ್ಟಿ ತೋರಿಸುವ ಕೋಡನ್ನು ಏಜೆಂಟರು ತಮ್ಮ ಕೊಂಡಿಯ ಮೂಲಕ ಕೊಟ್ಟಿದ್ದರೆ ಎಚ್ಚರ: ಚಂದಾ ನಿಲ್ಲಿಸಿದ ದಿನ ಗೋಡೆಯ ಮೇಲಿನದು ಬರೀ ಚಿತ್ತಾರವಾದೀತು. ಕಳ್ಳರು ರಾತ್ರಿ ತಮ್ಮ ಚೀಟಿಯನ್ನು ಮೇಲೆ ಅಂಟಿಸಿ ಹೋಗುವುದೂ ಉಂಟು. ಬಾಗಿಲು ತೆಗೆದ ಕೂಡಲೆ ಒಮ್ಮೆ ಓದಿಸಿ, ಬರುವ ಹೆಸರು ನಿಮ್ಮದೇ ಎಂದು ನೋಡಿಕೊಳ್ಳಿರಿ.

ಎಲ್ಲಕ್ಕಿಂತ ಮುಖ್ಯ, ಅಂಗಡಿಗೆ ಬೇರೆ ಖಾತೆ, ಬೇರೆ ಕೋಡು. ಚೀಟಿ ಹಣ, ಕೈಸಾಲ, ಮಗಳ ಮದುವೆಗೆ ನೆಂಟರು ಕಳುಹಿಸಿದ್ದು ಎಲ್ಲವೂ ಒಂದೇ ಕೋಡಿಗೆ ಬಿದ್ದರೆ ಇಲಾಖೆಯ ಕಣ್ಣಿಗೆ ಅದೆಲ್ಲ ವ್ಯಾಪಾರವೇ. ಸರಕಿನ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆಯದು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ತೆರಿಗೆಯಿಲ್ಲದ ಸರಕನ್ನಷ್ಟೇ ಮಾರುವವರಿಗೆ ಅದೂ ಬೇಡ. ದಾಟಿದ ಸಣ್ಣ ವರ್ತಕರಿಗೆ ರಾಜಿ ತೆರಿಗೆಯ ದಾರಿಯಿದೆ, 1.5 ಕೋಟಿಯವರೆಗೆ ನೂರಕ್ಕೆ ಒಂದು.

ಇಷ್ಟನ್ನು ಹೇಳಬೇಕಾದವರು ನಾವಲ್ಲ, ಇಲಾಖೆಯವರು. ನೋಟೀಸು ಬರೆಯುವ ಮುನ್ನ ಅಧಿಕಾರಿಗಳು ಮಂಡ್ಯದ ಪೇಟೆ ಬೀದಿಗೆ, ಮದ್ದೂರಿನ ಎಳನೀರು ಮಾರುಕಟ್ಟೆಗೆ, ಮಳವಳ್ಳಿ ಸಂತೆಗೆ ಬಂದು ಕನ್ನಡದಲ್ಲಿ ತಿಳಿಸಲಿ. ಬ್ಯಾಂಕಿನ ಅಂಕಿ ನೋಡುವ ಮೊದಲು ತಕ್ಕಡಿಯಲ್ಲಿರುವ ಸರಕೇನೆಂದು ನೋಡಲಿ. ಈ ಬೇಡಿಕೆಯ ಮನವಿ ನಮ್ಮ ಕಚೇರಿಯಲ್ಲಿದೆ. ವರ್ತಕ ಬಂಧುಗಳು ಬಂದು ಸಹಿ ಹಾಕಬೇಕು, ಕಾರ್ಮಿಕ ಬಂಧುಗಳೂ ಸಹ.