ಬೆರಕೆಯೆಂಬ ದೂರು

ವಿದ್ಯುತ್ ಗಿಟಾರಿನ ಅಬ್ಬರವೂ ಫಂಕ್ ಎಂಬ ಕುಣಿತದ ತಾಳವೂ ಸೇರಿದ ಕೂಡಲೆ ಜಾಝ್ ಸಂಗೀತವು ಕೆಟ್ಟಿತೆಂದು ತೀರ್ಪು ಕೊಡುವ ಪಂಡಿತರು ಅನೇಕರುಂಟು. ಈ ದೂರಿಗೆ ಚರಿತ್ರೆಯ ಆಧಾರವಿಲ್ಲ. ಕಲೆಯ ಬೆಲೆಯನ್ನು ಅಳೆಯುವುದಕ್ಕೆ ಇದು ತಕ್ಕ ಅಳತೆಗೋಲೂ ಆಗಲಾರದು.

ಬ್ಲೂಸ್ ಎಂಬುದು ಅಮೆರಿಕದ ದಕ್ಷಿಣ ಸೀಮೆಯ ಕಪ್ಪು ಜನರು ತಮ್ಮ ದುಡಿಮೆ ದುಃಖಗಳ ನಡುವೆ ಕಟ್ಟಿಕೊಂಡ ಹಾಡು. ಜಾಝ್ ಅದರ ಹಾಲು ಕುಡಿದೇ ಬೆಳೆಯಿತು. ಪಂಡಿತರೆಲ್ಲರೂ ತಲೆದೂಗುವ ಚಾರ್ಲಿ ಪಾರ್ಕರ್ 1945ರಲ್ಲಿ ಮುದ್ರಿಸಿದ ‘ನೌಸ್ ದ ಟೈಮ್’ ಸಹ ಬ್ಲೂಸ್ ಕಟ್ಟಿನದೇ. 1960ರ ದಶಕದಲ್ಲಿ ಜೇಮ್ಸ್ ಬ್ರೌನ್ ಆವರ್ತದ ಮೊದಲ ಪೆಟ್ಟಿಗೆ ಒತ್ತು ಕೊಟ್ಟು ಬೆಳೆಸಿದ ಫಂಕ್ ಅದೇ ಮನೆಯ ಕಿರಿಯ ಕೂಸು. ಒಡಹುಟ್ಟಿದವರು ಒಂದೇ ಜಗಲಿಯಲ್ಲಿ ಕುಳಿತರೆ ಅದನ್ನು ಸಂಕರವೆನ್ನಬಹುದೆ? ನಡುವೆ ಗೋಡೆ ಎಬ್ಬಿಸಿದವರು ವರ್ತಕರು. 1920ರ ದಶಕದಲ್ಲಿ ಕಪ್ಪು ಜನರ ಗಾನತಟ್ಟೆಗಳನ್ನು ‘ರೇಸ್ ರೆಕಾರ್ಡ್ಸ್’ ಎಂಬ ಬೇರೆ ಪಟ್ಟಿಯಲ್ಲಿಟ್ಟು ಮಾರಿದುದೇ ಇದಕ್ಕೆ ಸಾಕ್ಷಿ.

ಜೇಮ್ಸ್ ಬ್ಲಡ್ ಉಲ್ಮರ್ ಅವರ ‘ಒಡಿಸಿ’ ಎಂಬ ಧ್ವನಿಮುದ್ರಿಕೆಯನ್ನು (1983) ತೆಗೆದುಕೊಳ್ಳೋಣ. ದಕ್ಷಿಣ ಕ್ಯಾರೊಲೈನಾದಲ್ಲಿ ಹುಟ್ಟಿ, ಬಾಲ್ಯದಲ್ಲಿ ದೇವಗೀತೆಗಳನ್ನು ಹಾಡಿ, 1970ರ ದಶಕದಲ್ಲಿ ಆರ್ನೆಟ್ ಕೋಲ್ಮನ್ ಅವರ ಜೊತೆಯಲ್ಲಿ ಪಳಗಿದ ಈ ವಾದಕರು ಇಲ್ಲಿ ಬಾಸ್ ವಾದ್ಯವನ್ನೇ ಕೈಬಿಟ್ಟರು. ಇರುವುದು ಮೂರೇ: ಇವರ ಗಿಟಾರ್, ಚಾರ್ಲ್ಸ್ ಬರ್ನಮ್ ಅವರ ಪಿಟೀಲು, ವಾರೆನ್ ಬೆನ್‌ಬೋ ಅವರ ಡ್ರಮ್. ಗಿಟಾರಿನ ತಂತಿಗಳನ್ನು ಒಂದೇ ಸ್ವರದ ಬೇರೆ ಬೇರೆ ಸ್ಥಾಯಿಗಳಿಗೆ ಶ್ರುತಿಮಾಡಿರುವುದರಿಂದ ತಂಬೂರಿಯ ನಾದದಂತೆ ಒಂದು ತಳಹದಿ ತಾನಾಗಿ ಏರ್ಪಟ್ಟಿದೆ. ಅದರ ಮೇಲೆ ಪಿಟೀಲು ಬ್ಲೂಸಿನ ಅಳಲನ್ನು ಎಳೆದರೆ, ಡ್ರಮ್ಮು ಫಂಕಿನ ಹೆಜ್ಜೆಯನ್ನು ಹಾಕುತ್ತದೆ. ಯಾವುದು ಎಲ್ಲಿ ಮುಗಿಯಿತೆಂದು ಗೆರೆ ಎಳೆಯುವುದು ಅಸಾಧ್ಯ.

ಹಾಗಾದರೆ ಬೆರೆಸಿದುದೆಲ್ಲವೂ ಉತ್ತಮವೆ ಎಂದು ಪ್ರತಿಪಕ್ಷದವರು ಕೇಳಬಹುದು. ಖಂಡಿತ ಅಲ್ಲ. ಗಿರಾಕಿಯನ್ನು ಸೆಳೆಯಲೆಂದು ಹಳೆಯ ರಾಗಕ್ಕೆ ಹೊಸ ತಾಳವನ್ನು ಅಂಟಿಸಿದ ತಟ್ಟೆಗಳು ಬೇಕಾದಷ್ಟಿವೆ; ಅವುಗಳಲ್ಲಿ ತಾಳವನ್ನು ತೆಗೆದರೂ ರಾಗ ಹಾಗೆಯೇ ಉಳಿಯುವುದು. ‘ಒಡಿಸಿ’ಯಲ್ಲಿ ಒಂದನ್ನು ತೆಗೆದರೆ ಉಳಿದೆರಡೂ ಕುಸಿಯುವುವು. ವಿಮರ್ಶಕನು ಮಾಡಬೇಕಾದ ಪರೀಕ್ಷೆ ಇದು. ಎಷ್ಟು ಬೆರೆತಿದೆಯೆಂಬುದನ್ನು ಬಿಟ್ಟು, ಬೆರೆತು ಒಂದಾಗಿದೆಯೆ ಎಂಬುದನ್ನು ಆತನು ಕೇಳಬೇಕು.

ಕೊಲಂಬಿಯಾ ಸಂಸ್ಥೆಯು 1981ರಿಂದ 1983ರವರೆಗೆ ಉಲ್ಮರ್ ಅವರ ಮೂರು ಮುದ್ರಿಕೆಗಳನ್ನು ಹೊರತಂದಿತು. ‘ಒಡಿಸಿ’ ಮೂರನೆಯದು, ಅಲ್ಲಿಗೆ ಆ ಸಂಬಂಧವೂ ಮುಗಿಯಿತು. ಯಾವ ಕಪಾಟಿಗೂ ಹೊಂದದ ಸರಕನ್ನು ವರ್ತಕನು ಬದಿಗಿಡುವುದು ಅವನ ಧರ್ಮವಾಗಿರಬಹುದು. ಪಂಡಿತರು ಅವನ ಗುಮಾಸ್ತರಾಗಿ ಚೀಟಿ ಅಂಟಿಸುತ್ತ ಕುಳಿತರೆ ಕಲೆಗೆ ದಿಕ್ಕಾರು? ಚೀಟಿಯನ್ನು ಹರಿದೆಸೆದು ಅವರು ಮೊದಲು ಕಿವಿಗೊಡಲಿ. ತೀರ್ಪು ಆಮೇಲೆ ಬರಲಿ.